ಯೋಜಿತ ಉಪನಗರದಲ್ಲಿ ಮನರಂಜನೆ ಮತ್ತು ಸಂಸ್ಕೃತಿ: ಪಾರ್ಕ್ ಫಾರೆಸ್ಟ್ ನೀಡುವ ಪಾಠ

ಹೊಸ ಬಡಾವಣೆಯೊಂದನ್ನು ನಿರ್ಮಿಸಲು ಹೊರಟ ಉದ್ಯಮಿಯು ರಸ್ತೆ, ನೀರು, ಒಳಚರಂಡಿ ಮತ್ತು ವಿದ್ಯುತ್ತಿನ ವೆಚ್ಚವನ್ನು ಮೊದಲು ಲೆಕ್ಕ ಹಾಕುತ್ತಾನೆ. ಉದ್ಯಾನ, ಆಟದ ಬಯಲು, ಈಜುಕೊಳ, ರಂಗಮಂದಿರಗಳು ಆ ಪಟ್ಟಿಯ ಕೊನೆಯಲ್ಲಿ ಬರುತ್ತವೆ. ಆದರೆ ಜಾಹೀರಾತಿನಲ್ಲಿ ಇದೇ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಮೊದಲು ಕಾಣುವುದು ಹಸಿರು, ನೀರು ಮತ್ತು ನಗುವ ಮಕ್ಕಳು. ನಿವೇಶನಗಳೆಲ್ಲ ಮಾರಾಟವಾಗಿ ನಿರ್ಮಾಪಕನು ನಿರ್ಗಮಿಸಿದ ಮೇಲೆ ಈ ಸೌಲಭ್ಯಗಳನ್ನು ಯಾರು ನಡೆಸಬೇಕು, ಯಾವ ಹಣದಿಂದ ನಡೆಸಬೇಕು ಎಂಬ ಪ್ರಶ್ನೆಗೆ ಬಹುತೇಕ ಯೋಜನೆಗಳಲ್ಲಿ ಸ್ಪಷ್ಟ ಉತ್ತರವಿರುವುದಿಲ್ಲ.

ಈ ಪ್ರಶ್ನೆಯನ್ನು ದೀರ್ಘಾವಧಿಯ ಅನುಭವದ ಬೆಳಕಿನಲ್ಲಿ ಪರಿಶೀಲಿಸಲು ಅಮೆರಿಕದ ಇಲಿನಾಯ್ ರಾಜ್ಯದ ಪಾರ್ಕ್ ಫಾರೆಸ್ಟ್ ಉಪನಗರವು ಉತ್ತಮ ನಿದರ್ಶನ. ಎರಡನೆಯ ಮಹಾಯುದ್ಧದ ನಂತರ ಒಂದೇ ಯೋಜನೆಯಡಿ ನಿರ್ಮಾಣಗೊಂಡ ಈ ಊರು ಏಳು ದಶಕಗಳಲ್ಲಿ ಏಳಿಗೆಯನ್ನೂ ಇಳಿತವನ್ನೂ ಕಂಡಿದೆ. ಅದರ ವ್ಯಾಪಾರ ಕೇಂದ್ರವು ಕುಸಿದರೂ ಉದ್ಯಾನ, ಅರಣ್ಯ ಮತ್ತು ಕಲಾಸಂಸ್ಥೆಗಳಲ್ಲಿ ಹಲವು ಉಳಿದುಕೊಂಡವು. ಉಳಿದದ್ದು ಏಕೆ ಉಳಿಯಿತು, ಅಳಿದದ್ದು ಏಕೆ ಅಳಿಯಿತು ಎಂಬುದನ್ನು ಅರಿಯುವುದು ವಾಣಿಜ್ಯ ವಲಯಕ್ಕೂ ಉಪಯುಕ್ತ.

ಹಿನ್ನೆಲೆ

1945ರಲ್ಲಿ ಯುದ್ಧ ಮುಗಿದಾಗ ಅಮೆರಿಕದ ನಗರಗಳಲ್ಲಿ ವಸತಿಯ ಅಭಾವ ತೀವ್ರವಾಗಿತ್ತು. ಸೇನೆಯಿಂದ ಹಿಂದಿರುಗಿದ ಲಕ್ಷಾಂತರ ಯುವಕರು ವಿವಾಹವಾಗಿ ಸಂಸಾರ ಹೂಡಲು ಮನೆಗಳನ್ನು ಅರಸುತ್ತಿದ್ದರು. 1944ರಲ್ಲಿ ಜಾರಿಗೆ ಬಂದ ಮಾಜಿ ಯೋಧರ ಪುನರ್ವಸತಿ ಕಾಯ್ದೆಯು ಅವರಿಗೆ ಗೃಹಸಾಲದ ಭದ್ರತೆ ಒದಗಿಸಿತ್ತು. ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್ ಈ ಬೇಡಿಕೆಯ ಪ್ರಸಿದ್ಧ ಫಲ. ಷಿಕಾಗೋ ನಗರದ ದಕ್ಷಿಣಕ್ಕೆ ಸುಮಾರು 48 ಕಿಲೋಮೀಟರ್ ದೂರದಲ್ಲಿ ತಲೆಯೆತ್ತಿದ ಪಾರ್ಕ್ ಫಾರೆಸ್ಟ್ ಅದೇ ಕಾಲದ ಮತ್ತೊಂದು ಪ್ರಯೋಗ.

ಇದರ ಹಿಂದೆ ಇದ್ದದ್ದು ಅಮೆರಿಕನ್ ಕಮ್ಯುನಿಟಿ ಬಿಲ್ಡರ್ಸ್ ಎಂಬ ಸಂಸ್ಥೆ. ಯುದ್ಧಕಾಲದಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ವಸತಿ ವಿಭಾಗದ ಮುಖ್ಯಸ್ಥರಾಗಿದ್ದ ಫಿಲಿಪ್ ಕ್ಲುಟ್ಸ್‌ನಿಕ್ ಮತ್ತು ಷಿಕಾಗೋದ ಗೃಹನಿರ್ಮಾಪಕ ನೇಥನ್ ಮ್ಯಾನಿಲೋ ಇದರ ಪ್ರಮುಖರು. ಕ್ಲುಟ್ಸ್‌ನಿಕ್ ಅವರು ಮುಂದೆ, 1980ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು. ನಗರ ವಿನ್ಯಾಸವನ್ನು ಎಲ್ಬರ್ಟ್ ಪೀಟ್ಸ್ ರೂಪಿಸಿದರು. 1930ರ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯದ ಗ್ರೀನ್‌ಡೇಲ್ ಎಂಬ ಸರ್ಕಾರಿ ಹಸಿರು ಪಟ್ಟಣವನ್ನು ವಿನ್ಯಾಸಗೊಳಿಸಿದ ತಂಡದಲ್ಲಿಯೂ ಅವರಿದ್ದರು.

1948ರ ಆಗಸ್ಟ್‌ನಲ್ಲಿ ಮೊದಲ ಕುಟುಂಬಗಳು ಬಂದು ನೆಲೆಸಿದವು. ಮೊದಲ ಹಂತದಲ್ಲಿ ಸುಮಾರು 3,000 ಬಾಡಿಗೆ ಮನೆಗಳು, ಅನಂತರ ಸ್ವಂತಕ್ಕೆ ಕೊಳ್ಳಬಹುದಾದ ಸಾವಿರಾರು ಬಿಡಿ ಮನೆಗಳು ನಿರ್ಮಾಣವಾದವು. ಅದೇ ವರ್ಷದ ಕೊನೆಯಲ್ಲಿ ಡೇರೆಯೊಂದರಲ್ಲಿ ನಡೆದ ಸಭೆಯಲ್ಲಿ ಕ್ಲುಟ್ಸ್‌ನಿಕ್ ಅವರು ನಿವಾಸಿಗಳಿಗೆ ತಮ್ಮದೇ ಸ್ಥಳೀಯ ಆಡಳಿತವನ್ನು ರಚಿಸಿಕೊಳ್ಳುವಂತೆ ಸಲಹೆ ನೀಡಿದರು. 1949ರ ಫೆಬ್ರವರಿ 1ರಂದು ಪಾರ್ಕ್ ಫಾರೆಸ್ಟ್ ‘ವಿಲೇಜ್’ ಆಗಿ ನೋಂದಣಿಯಾಯಿತು. ಇಲಿನಾಯ್ ಕಾನೂನಿನ ಪ್ರಕಾರ ಇದು ನಮ್ಮ ಹಳ್ಳಿಯ ಅರ್ಥದ್ದಲ್ಲ. ತೆರಿಗೆ ವಿಧಿಸುವ ಅಧಿಕಾರವುಳ್ಳ ಒಂದು ಬಗೆಯ ಪೌರಾಡಳಿತ ಸಂಸ್ಥೆ. ಬಾಡಿಗೆದಾರರು ತಮ್ಮ ಮಾಲೀಕನ ಮೇಲೆಯೇ ತೆರಿಗೆ ಹಾಕಬಲ್ಲ ಆಡಳಿತವನ್ನು ಮಾಲೀಕನ ಪ್ರೇರಣೆಯಿಂದಲೇ ಪಡೆದರು. ಈ ತೀರ್ಮಾನದ ಮಹತ್ವ ನಾಲ್ಕೂವರೆ ದಶಕಗಳ ನಂತರ ವ್ಯಕ್ತವಾಯಿತು.

ಯೋಜನೆಯ ಆರ್ಥಿಕ ತಳಹದಿ

ಪಾರ್ಕ್ ಫಾರೆಸ್ಟಿನ ಲೆಕ್ಕಾಚಾರದಲ್ಲಿ ಮನೆಗಳ ಬಾಡಿಗೆ ಲಾಭದ ಮುಖ್ಯ ಮೂಲವಾಗಿರಲಿಲ್ಲ. ಒಂದು ಸ್ಥಳದಲ್ಲಿ ಮೂವತ್ತು ಸಾವಿರ ಜನರನ್ನು ನೆಲೆಗೊಳಿಸಿದರೆ ಅವರ ದಿನನಿತ್ಯದ ಖರೀದಿಯೆಲ್ಲ ಊರಿನ ನಡುವಿನ ವ್ಯಾಪಾರ ಕೇಂದ್ರಕ್ಕೆ ಹರಿದುಬರುತ್ತದೆ. ಅಂಗಡಿಗಳ ವಹಿವಾಟಿನಲ್ಲಿ ಒಂದು ಪಾಲು ಬಾಡಿಗೆಯ ರೂಪದಲ್ಲಿ ನಿರ್ಮಾಪಕರಿಗೆ ದೊರೆಯುತ್ತದೆ ಎಂಬುದು ಮೂಲ ಚಿಂತನೆ. ಶಾಲೆ, ಚರ್ಚು ಮತ್ತು ಉದ್ಯಾನಗಳಿಗೆ ಸಂಸ್ಥೆಯು ಜಾಗ ಬಿಟ್ಟುಕೊಟ್ಟದ್ದನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು. ನಿವಾಸಿಗೆ ಊರು ಹಿತವೆನಿಸಿದರೆ ಆತ ಅಲ್ಲಿಯೇ ಉಳಿಯುತ್ತಾನೆ. ಉಳಿದವನು ಅಲ್ಲಿಯೇ ಕೊಳ್ಳುತ್ತಾನೆ. ಹೀಗೆ ಮನರಂಜನೆಯು ದಾನವಾಗಿರದೆ ವ್ಯಾಪಾರದ ಬಂಡವಾಳವಾಗಿತ್ತು.

ಈ ವ್ಯಾಪಾರ ಕೇಂದ್ರವೇ ಪಾರ್ಕ್ ಫಾರೆಸ್ಟ್ ಪ್ಲಾಜಾ. ಲೋಬ್ಲ್, ಶ್ಲಾಸ್‌ಮನ್ ಮತ್ತು ಬೆನೆಟ್ ವಾಸ್ತುಶಿಲ್ಪ ಸಂಸ್ಥೆಯ ವಿನ್ಯಾಸದಲ್ಲಿ ಅಂಗಡಿಗಳು ರಸ್ತೆಗೆ ಬೆನ್ನು ಹಾಕಿ, ಹುಲ್ಲು ಮತ್ತು ಮರಗಳಿಂದ ಕೂಡಿದ ತೆರೆದ ಅಂಗಳದತ್ತ ಮುಖ ಮಾಡಿದ್ದವು. ವಾಹನಗಳು ಹೊರಗೆ, ಪಾದಚಾರಿಗಳು ಒಳಗೆ. ನಡುವೆ ಗಡಿಯಾರ ಗೋಪುರ, ಸುತ್ತ ನೆರಳಿನ ಕಾಲುಹಾದಿ. 1955ರಲ್ಲಿ ಷಿಕಾಗೋದ ಹೆಸರಾಂತ ಮಾರ್ಷಲ್ ಫೀಲ್ಡ್ಸ್ ಮಳಿಗೆ ಇಲ್ಲಿಗೆ ಬಂದ ಮೇಲೆ ಪ್ಲಾಜಾ ಆ ಭಾಗದ ಪ್ರಮುಖ ಮಾರುಕಟ್ಟೆಯಾಯಿತು. ಕೊಳ್ಳಲು ಏನೂ ಇಲ್ಲದವರೂ ಸಂಜೆ ಸುತ್ತಾಡಲು ಬರುತ್ತಿದ್ದ ಈ ಅಂಗಳ ಮಾರುಕಟ್ಟೆಯೂ ಹೌದು, ಊರಿನ ಚಾವಡಿಯೂ ಹೌದು.

ಆರಂಭಿಕ ದಶಕಗಳ ಮನರಂಜನಾ ಜೀವನ

ಮೊದಲ ನಿವಾಸಿಗಳಲ್ಲಿ ಬಹುಪಾಲು ಎಳೆಯ ಮಕ್ಕಳಿದ್ದ ಯುವ ದಂಪತಿಗಳು. ಬಾಡಿಗೆ ಮನೆಗಳನ್ನು ಅಂಗಳದ ಸುತ್ತ ಗುಂಪುಗುಂಪಾಗಿ ಕಟ್ಟಿ, ಪುಟ್ಟ ಮಕ್ಕಳಿಗೆ ಮನೆಯ ಸಮೀಪದಲ್ಲಿಯೇ ಆಟದ ತಾಣಗಳನ್ನು ಒದಗಿಸಲಾಗಿತ್ತು. ಫಾರ್ಚೂನ್ ಪತ್ರಿಕೆಯ ಸಂಪಾದಕವರ್ಗದ ವಿಲಿಯಂ ಎಚ್. ವೈಟ್ ಅವರು ಇಲ್ಲಿಯ ಜೀವನವನ್ನು ವಿವರವಾಗಿ ಅಭ್ಯಸಿಸಿ 1953ರಲ್ಲಿ ಲೇಖನಮಾಲೆಯನ್ನೂ 1956ರಲ್ಲಿ ‘ದಿ ಆರ್ಗನೈಸೇಷನ್ ಮ್ಯಾನ್’ ಎಂಬ ಗ್ರಂಥವನ್ನೂ ಪ್ರಕಟಿಸಿದರು. ಬಾಗಿಲುಗಳು ಎತ್ತ ತೆರೆಯುತ್ತವೆ, ಮಕ್ಕಳು ಎಲ್ಲಿ ಆಡುತ್ತಾರೆ ಎಂಬಂತಹ ಸಣ್ಣ ಸಂಗತಿಗಳೇ ಯಾರು ಯಾರಿಗೆ ಸ್ನೇಹಿತರಾಗುತ್ತಾರೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂದು ಅವರು ನಕ್ಷೆಗಳ ಸಹಿತ ತೋರಿಸಿದರು.

ವೈಟ್ ಅವರ ಎಣಿಕೆಯಂತೆ ಅಂದು ಊರಿನಲ್ಲಿ ವಯಸ್ಕರ 66 ಸಂಘಸಂಸ್ಥೆಗಳಿದ್ದವು. ಬಾಡಿಗೆ ಮನೆಗಳ ನಿವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರತಿವರ್ಷ ಉದ್ಯೋಗ ನಿಮಿತ್ತ ಬೇರೆಡೆಗೆ ತೆರಳುತ್ತಿದ್ದುದರಿಂದ ಪ್ರತಿ ಸಂಘವೂ ಹೊಸ ಸದಸ್ಯರಿಗಾಗಿ ಹಾತೊರೆಯುತ್ತಿತ್ತು. ಇಷ್ಟು ಸಂಘಗಳು ಬೆಳೆಯಲು ಕಾರಣವೂ ಸ್ಪಷ್ಟ. ಯಾರಿಗೂ ಆ ಊರಿನಲ್ಲಿ ಅಜ್ಜನ ಮನೆಯಿರಲಿಲ್ಲ, ಹಳೆಯ ಗೆಳೆಯರಿರಲಿಲ್ಲ, ಜಾತ್ರೆ ಉತ್ಸವಗಳಿರಲಿಲ್ಲ. ಹೀಗೆ ಪರಂಪರೆಯಿಂದ ಬಾರದ ಸಾಮಾಜಿಕ ಜೀವನವನ್ನು ನಿವಾಸಿಗಳು ಸಂಘಟನೆಯಿಂದ ಕಟ್ಟಿಕೊಳ್ಳಬೇಕಾಯಿತು.

ಇಂತಹ ನಾಗರಿಕ ಉತ್ಸಾಹದ ಫಲವಾಗಿ 1950ರ ದಶಕದ ಮಧ್ಯಭಾಗದಲ್ಲಿ ಕಲಾಕೇಂದ್ರವೊಂದು ಹುಟ್ಟಿ, ಪ್ಲಾಜಾದ ಬಯಲಿನಲ್ಲಿ ವಾರ್ಷಿಕ ಕಲಾಮೇಳ ಆರಂಭವಾಯಿತು. ತೀರ್ಪುಗಾರರ ಆಯ್ಕೆಯ ಮೂಲಕ ಕಲಾವಿದರಿಗೆ ಪ್ರವೇಶ ನೀಡುವ ಬಯಲು ಕಲಾಮೇಳಗಳಲ್ಲಿ ಇದು ಷಿಕಾಗೋ ಪ್ರದೇಶದ ಅತಿ ಹಳೆಯವುಗಳ ಸಾಲಿಗೆ ಸೇರಿದೆ. ಹಲವು ಕೊಳಗಳ ಆಕ್ವಾ ಸೆಂಟರ್ ಎಂಬ ಈಜು ಸಂಕೀರ್ಣವೂ ಒಳಾಂಗಣ ಟೆನಿಸ್ ಕೇಂದ್ರವೂ ಊರಿನ ಆಕರ್ಷಣೆಗಳಾದವು. 1976ರಲ್ಲಿ, ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ಸಂದರ್ಭದಲ್ಲಿ, ಫ್ರೀಡಂ ಹಾಲ್ ಎಂಬ ಸಭಾಭವನ ನಿರ್ಮಾಣವಾಯಿತು. ಅದರ ರಂಗಮಂದಿರಕ್ಕೆ ನೇಥನ್ ಮ್ಯಾನಿಲೋ ಅವರ ಹೆಸರಿಡಲಾಯಿತು. ಅದೇ ವರ್ಷ ಇಲಿನಾಯ್ ಥಿಯೇಟರ್ ಸೆಂಟರ್ ಎಂಬ ವೃತ್ತಿಪರ ನಾಟಕ ಸಂಸ್ಥೆ ಇಲ್ಲಿ ಕಾರ್ಯಾರಂಭ ಮಾಡಿತು.

ಈ ಚಿತ್ರದ ಇನ್ನೊಂದು ಮುಖವನ್ನೂ ಹೇಳಬೇಕು. ಆರಂಭದ ದಶಕದಲ್ಲಿ ಈ ಸೌಲಭ್ಯಗಳನ್ನು ಅನುಭವಿಸಿದ ಸಮುದಾಯದಲ್ಲಿ ಕಪ್ಪು ವರ್ಣೀಯರಿರಲಿಲ್ಲ. ಮೊದಲ ಆಫ್ರಿಕನ್ ಅಮೆರಿಕನ್ ಕುಟುಂಬ ಇಲ್ಲಿ ಮನೆ ಕೊಂಡದ್ದು 1959ರ ಕೊನೆಯಲ್ಲಿ. ಎರಡು ವರ್ಷಗಳ ಹಿಂದೆ ಪೆನ್ಸಿಲ್ವೇನಿಯಾದ ಲೆವಿಟ್‌ಟೌನಿನಲ್ಲಿ ಇಂತಹದೇ ಸಂದರ್ಭ ಕಲ್ಲೆಸೆತಕ್ಕೂ ಗಲಭೆಗೂ ಕಾರಣವಾಗಿತ್ತು. ಪಾರ್ಕ್ ಫಾರೆಸ್ಟಿನ ಆಡಳಿತವು ಮುಂಜಾಗ್ರತೆ ವಹಿಸಿ ಶಾಂತಿ ಕಾಪಾಡಿತು. ಮುಂದಿನ ದಶಕಗಳಲ್ಲಿ ಜನಾಂಗಗಳು ಕೂಡಿ ಬಾಳುವುದನ್ನು ಪೌರಾಡಳಿತದ ನೀತಿಯನ್ನಾಗಿಯೇ ಅಂಗೀಕರಿಸಿತು. 2020ರ ಜನಗಣತಿಯ ವೇಳೆಗೆ ಆಫ್ರಿಕನ್ ಅಮೆರಿಕನ್ನರು ಊರಿನ ಬಹುಸಂಖ್ಯಾತರಾಗಿದ್ದರು. ಮೂಲತಃ ಒಂದು ವರ್ಗಕ್ಕೆಂದು ಕಟ್ಟಿದ ಉದ್ಯಾನಗಳು ಮತ್ತೊಂದು ಸಮುದಾಯಕ್ಕೂ ಹಾಗೆಯೇ ಒದಗಿಬಂದದ್ದು ಅವು ಸಾರ್ವಜನಿಕ ಸ್ವತ್ತಾಗಿದ್ದುದರಿಂದ ಎಂಬುದು ಗಮನಾರ್ಹ.

ಅರಣ್ಯ ಮತ್ತು ಶಿಲ್ಪೋದ್ಯಾನ

ಊರಿನ ನೈಋತ್ಯ ಅಂಚಿನಲ್ಲಿರುವ ಥಾರ್ನ್ ಕ್ರೀಕ್ ಅರಣ್ಯವು ಮೂಲ ಯೋಜಕರ ಕೊಡುಗೆಯಲ್ಲ, ನಾಗರಿಕರ ಹೋರಾಟದ ಫಲ. 1960ರ ದಶಕದ ಕೊನೆಯಲ್ಲಿ ದಕ್ಷಿಣಕ್ಕೆ ಪಾರ್ಕ್ ಫಾರೆಸ್ಟ್ ಸೌತ್ ಎಂಬ ಹೊಸ ಪಟ್ಟಣ ಬೆಳೆಯತೊಡಗಿದಾಗ ಈ ಕಾಡು ನಿವೇಶನಗಳಾಗುವ ಸಂಭವವಿತ್ತು. ಸ್ಥಳೀಯರು ಸಂಘಟಿತರಾಗಿ ಸರ್ಕಾರ, ಪೌರಾಡಳಿತ ಮತ್ತು ವಿಶ್ವವಿದ್ಯಾನಿಲಯವನ್ನು ಒಗ್ಗೂಡಿಸಿದರು. ಇಂದು 900 ಎಕರೆಗೂ ಹೆಚ್ಚು ವಿಸ್ತಾರದ ಈ ನಿಸರ್ಗಧಾಮವು ಹಲವು ಸಾರ್ವಜನಿಕ ಸಂಸ್ಥೆಗಳ ಜಂಟಿ ಒಡೆತನದಲ್ಲಿದೆ. 1862ರಲ್ಲಿ ಕಟ್ಟಿದ ಹಳೆಯ ಚರ್ಚು ಇದರ ನಿಸರ್ಗ ಕೇಂದ್ರವಾಗಿದೆ. ಒಡೆತನ ಹಂಚಿಹೋಗಿರುವುದರಿಂದ ಯಾವ ಒಂದು ಸಂಸ್ಥೆಯೂ ಹಣದ ಮುಗ್ಗಟ್ಟಿನ ನೆಪದಲ್ಲಿ ಇಡೀ ಕಾಡನ್ನು ಏಕಪಕ್ಷೀಯವಾಗಿ ಮಾರಲಾರದು.

ಪಾರ್ಕ್ ಫಾರೆಸ್ಟ್ ಸೌತ್ ಪಟ್ಟಣವು ನೇಥನ್ ಅವರ ಪುತ್ರ ಲೂಯಿಸ್ ಮ್ಯಾನಿಲೋ ಅವರ ಯೋಜನೆ. ಮುಂದೆ ಅದು ಯೂನಿವರ್ಸಿಟಿ ಪಾರ್ಕ್ ಎಂದು ಹೆಸರು ಬದಲಿಸಿಕೊಂಡಿತು. ಕಲಾಸಂಗ್ರಾಹಕರಾಗಿದ್ದ ಲೂಯಿಸ್ ಅವರು ಶಿಲ್ಪಿ ಮಾರ್ಕ್ ಡಿ ಸುವೆರೋ ಅವರನ್ನು ಆ ಬಯಲಿಗೆ ಆಹ್ವಾನಿಸಿ ಬೃಹತ್ ಉಕ್ಕಿನ ಶಿಲ್ಪಗಳನ್ನು ರಚಿಸಲು ಅವಕಾಶ ಕಲ್ಪಿಸಿದರು. ಅಲ್ಲಿ ಸ್ಥಾಪಿತವಾದ ಗವರ್ನರ್ಸ್ ಸ್ಟೇಟ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಈಗ ನೇಥನ್ ಮ್ಯಾನಿಲೋ ಶಿಲ್ಪೋದ್ಯಾನವಿದ್ದು, ಡಿ ಸುವೆರೋ ಜೊತೆಗೆ ಬ್ರೂಸ್ ನೌಮನ್, ಮಾರ್ಟಿನ್ ಪುರ್ಯೇರ್, ಮೇರಿ ಮಿಸ್ ಮೊದಲಾದ ಪ್ರಸಿದ್ಧರ ಕೃತಿಗಳು ಪ್ರೇರಿ ಹುಲ್ಲುಗಾವಲಿನ ನಡುವೆ ನಿಂತಿವೆ. ಹೊಸ ಪಟ್ಟಣವು ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. ಶಿಲ್ಪೋದ್ಯಾನ ಮಾತ್ರ ಕಲಾಲೋಕದಲ್ಲಿ ಹೆಸರು ಗಳಿಸಿತು. ವಿಶ್ವವಿದ್ಯಾನಿಲಯವೆಂಬ ಸ್ಥಿರ ಪೋಷಕ ಅದಕ್ಕೆ ಲಭಿಸಿದ್ದೇ ಇದಕ್ಕೆ ಕಾರಣ.

ವ್ಯಾಪಾರ ಕೇಂದ್ರದ ಪತನ

1973ರಲ್ಲಿ ನೆರೆಯ ಮ್ಯಾಟ್ಸನ್ ಊರಿನಲ್ಲಿ, 57ನೆಯ ಅಂತರರಾಜ್ಯ ಹೆದ್ದಾರಿಯ ಬದಿಯಲ್ಲಿ, ಲಿಂಕನ್ ಮಾಲ್ ಎಂಬ ಮುಚ್ಚಿದ ಛಾವಣಿಯ ವಾಣಿಜ್ಯ ಸಂಕೀರ್ಣ ತೆರೆಯಿತು. ಪಾರ್ಕ್ ಫಾರೆಸ್ಟ್ ಪ್ಲಾಜಾ ತನ್ನ ಊರಿನ ಮಧ್ಯಭಾಗದಲ್ಲಿತ್ತು, ಹೆದ್ದಾರಿಯಿಂದ ದೂರವಿತ್ತು. ನಡೆದು ಬರುವವರಿಗೆ ಅನುಕೂಲವಾಗಿದ್ದ ಅದೇ ಸ್ಥಾನ ಕಾರಿನಲ್ಲಿ ದೂರದಿಂದ ಬರುವ ಗ್ರಾಹಕನಿಗೆ ಅನನುಕೂಲವಾಯಿತು. 1980ರ ದಶಕದಲ್ಲಿ ಹೊಸ ಮಾಲೀಕರು ನವೀಕರಣ ಕೈಗೊಂಡರೂ ವಹಿವಾಟು ಮರಳಲಿಲ್ಲ. 1990ರ ದಶಕದಲ್ಲಿ ದೊಡ್ಡ ಮಳಿಗೆಗಳು ಬಾಗಿಲು ಹಾಕಿದವು.

ಇದರ ಪರಿಣಾಮ ಅಂಗಡಿಗಳಿಗೆ ಸೀಮಿತವಾಗಲಿಲ್ಲ. ಇಲಿನಾಯ್‌ನಲ್ಲಿ ಮಾರಾಟ ತೆರಿಗೆಯ ಒಂದು ಪಾಲು ಮಾರಾಟ ನಡೆದ ಊರಿನ ಆಡಳಿತಕ್ಕೆ ಸಲ್ಲುತ್ತದೆ. ಖರೀದಿಯು ನೆರೆಯೂರಿಗೆ ಹೋದಾಗ ತೆರಿಗೆಯೂ ಜೊತೆಗೆ ಹೋಯಿತು. ಹೆಚ್ಚು ಕಾರ್ಖಾನೆಗಳಾಗಲಿ ಕಚೇರಿಗಳಾಗಲಿ ಇಲ್ಲದ, ಬಹುತೇಕ ಮನೆಗಳಿಂದಲೇ ತುಂಬಿದ ಊರಿನಲ್ಲಿ ಉದ್ಯಾನ, ಗ್ರಂಥಾಲಯ ಮತ್ತು ಶಾಲೆಗಳ ಭಾರವೆಲ್ಲ ಮನೆಗಳ ಮೇಲಿನ ಆಸ್ತಿ ತೆರಿಗೆಗೆ ಬಿತ್ತು. ತೆರಿಗೆಯ ದರ ಏರಿದಷ್ಟೂ ಹೊಸ ವ್ಯಾಪಾರವನ್ನು ಆಕರ್ಷಿಸುವುದು ಕಷ್ಟವಾಯಿತು. 1970ರಲ್ಲಿ 30,000 ದಾಟಿದ್ದ ಜನಸಂಖ್ಯೆ 2020ರಲ್ಲಿ 22,000ಕ್ಕಿಂತ ಕಡಿಮೆಯಿತ್ತು.

ಲಿಂಕನ್ ಮಾಲ್ ಕೂಡ 2015ರ ಜನವರಿಯಲ್ಲಿ ಮುಚ್ಚಿ, ಅನಂತರ ನೆಲಸಮವಾಯಿತು. ಪಾರ್ಕ್ ಫಾರೆಸ್ಟಿನ ಮಾರುಕಟ್ಟೆಯನ್ನು ಕಸಿದುಕೊಂಡ ಸಂಕೀರ್ಣ ತಾನೂ ನಾಲ್ಕು ದಶಕಗಳಿಗಿಂತ ತುಸು ಹೆಚ್ಚು ಕಾಲವಷ್ಟೇ ಬಾಳಿತು.

ಕಲೆಗೆ ಖಾಲಿ ಅಂಗಡಿಗಳ ಆಶ್ರಯ

1995ರಲ್ಲಿ ಪೌರಾಡಳಿತವು ಪಾಳುಬಿದ್ದ ಪ್ಲಾಜಾವನ್ನು ತಾನೇ ಖರೀದಿಸಿತು. 1949ರಲ್ಲಿ ಸ್ವತಂತ್ರ ಆಡಳಿತ ರಚನೆಯಾಗದಿದ್ದಲ್ಲಿ ಇಂತಹ ಕ್ರಮ ಸಾಧ್ಯವೇ ಆಗುತ್ತಿರಲಿಲ್ಲ. ಕೆಲವು ಕಟ್ಟಡಗಳನ್ನು ಕೆಡವಿ, ನಡುವೆ ರಸ್ತೆಯೊಂದನ್ನು ಹಾಯಿಸಿ, ಮಾಲ್ ಸ್ವರೂಪವನ್ನು ಕಳಚಿ ಸಾಮಾನ್ಯ ಪೇಟೆಯ ರೂಪ ಕೊಡಲಾಯಿತು. ತೆರವಾದ ಜಾಗದಲ್ಲಿ ವಯೋವೃದ್ಧರ ವಸತಿ ಮತ್ತು ಹೊಸ ಮನೆಗಳು ಬಂದವು. ಮೊದಲ ತಲೆಮಾರಿನ ಯುವ ದಂಪತಿಗಳು ಈಗ ವೃದ್ಧರಾಗಿದ್ದರು. ಊರಿನ ಅಗತ್ಯವೂ ಬದಲಾಗಿತ್ತು.

ಖಾಲಿ ಅಂಗಡಿಗಳಿಗೆ ಕಲಾಸಂಸ್ಥೆಗಳನ್ನು ಆಹ್ವಾನಿಸಿದ್ದು ಈ ಪುನರುಜ್ಜೀವನದ ವಿಶೇಷ. ಹಳೆಯ ಕಲಾಕೇಂದ್ರದ ಉತ್ತರಾಧಿಕಾರಿಯಾದ ಟಾಲ್ ಗ್ರಾಸ್ ಆರ್ಟ್ಸ್ ಅಸೋಸಿಯೇಷನ್ ಇಲ್ಲಿ ಚಿತ್ರಶಾಲೆ ತೆರೆಯಿತು. ಇಲಿನಾಯ್ ಥಿಯೇಟರ್ ಸೆಂಟರ್ ಇಲ್ಲಿಗೆ ಸ್ಥಳಾಂತರಗೊಂಡು 2010ರ ದಶಕದ ಆರಂಭದವರೆಗೆ ನಾಟಕಗಳನ್ನಾಡಿತು. ಬೇಸಿಗೆಯ ಸಂಜೆಗಳಲ್ಲಿ ಹಸಿರು ಬಯಲಿನಲ್ಲಿ ಉಚಿತ ಸಂಗೀತ ಕಾರ್ಯಕ್ರಮಗಳು ಏರ್ಪಟ್ಟವು.

ಊರಿನ ಸ್ವಂತ ಚರಿತ್ರೆಯೂ ಆಕರ್ಷಣೆಯಾಯಿತು. 1998ರಲ್ಲಿ, ಐವತ್ತನೆಯ ವರ್ಷಾಚರಣೆಯ ಅಂಗವಾಗಿ, ಸ್ಥಳೀಯ ಇತಿಹಾಸ ಸಂಘವು ಆರಂಭಿಕ ವರ್ಷಗಳ ಬಾಡಿಗೆ ಮನೆಯೊಂದನ್ನು ಅಂದಿನ ಪೀಠೋಪಕರಣ, ಪಾತ್ರೆಪಡಗ ಮತ್ತು ಆಟಿಕೆಗಳ ಸಹಿತ ವಸ್ತುಸಂಗ್ರಹಾಲಯವಾಗಿ ಪರಿವರ್ತಿಸಿತು. ಹಳೆಯ ರೈಲುಹಾದಿಯ ಮೇಲೆ ರೂಪುಗೊಂಡ ಸುಮಾರು 35 ಕಿಲೋಮೀಟರ್ ಉದ್ದದ ಓಲ್ಡ್ ಪ್ಲಾಂಕ್ ರೋಡ್ ಸೈಕಲ್ ಪಥ ಊರಿನ ಮೂಲಕ ಹಾದುಹೋಗುತ್ತದೆ. ಸರಕು ರೈಲುಗಳ ದಟ್ಟ ಸಂಚಾರವು ನಿವಾಸಿಗಳಿಗೆ ತೊಡಕೇ ಹೌದು. ಪೌರಾಡಳಿತವು ಅದನ್ನೂ ಬಳಸಿಕೊಂಡು, ರೈಲುಪ್ರಿಯರು ಮೇಲೆ ನಿಂತು ಗಾಡಿಗಳನ್ನು ವೀಕ್ಷಿಸಬಹುದಾದ ಅಟ್ಟಣೆಯುಳ್ಳ ರೈಲ್ ಫ್ಯಾನ್ ಪಾರ್ಕ್ ನಿರ್ಮಿಸಿತು.

ಆದರೆ ಕಲೆಯ ಶಕ್ತಿಯನ್ನು ಉತ್ಪ್ರೇಕ್ಷಿಸುವುದು ಸರಿಯಲ್ಲ. ಚಿತ್ರಶಾಲೆಯೊಂದು ಮಾರ್ಷಲ್ ಫೀಲ್ಡ್ಸ್ ಮಳಿಗೆ ಕೊಡುತ್ತಿದ್ದ ತೆರಿಗೆಯನ್ನು ಕೊಡಲಾರದು. ಕಲಾಸಂಸ್ಥೆಗಳು ಪೇಟೆಗೆ ಜೀವ ತುಂಬಿದವು, ಊರಿನ ಗೌರವವನ್ನು ಉಳಿಸಿದವು. ಆದರೆ ಪೌರಾಡಳಿತದ ಬೊಕ್ಕಸವನ್ನು ತುಂಬಲಿಲ್ಲ. ನಾಟಕ ಸಂಸ್ಥೆ ನಿಂತುಹೋದದ್ದೂ ಈ ಮಾತಿಗೆ ಸಾಕ್ಷಿ. ಕೆಲವೇ ವ್ಯಕ್ತಿಗಳ ಶ್ರಮವನ್ನು ನೆಚ್ಚಿದ ಸಂಸ್ಥೆ ಅವರ ಕಾಲಾನಂತರ ನಡೆಯುವುದು ದುಸ್ತರ.

ಅನುಭವದ ಸಾರಾಂಶ

ಪಾರ್ಕ್ ಫಾರೆಸ್ಟಿನ ಚರಿತ್ರೆಯಿಂದ ನಾಲ್ಕು ಅಂಶಗಳನ್ನು ಗುರುತಿಸಬಹುದು.

1. ಮನರಂಜನಾ ಸೌಲಭ್ಯವೊಂದರ ಆಯುಷ್ಯವು ಅದರ ನಿರ್ಮಾಣದ ಗುಣಮಟ್ಟಕ್ಕಿಂತ ಹೆಚ್ಚಾಗಿ ಒಡೆತನದ ಸ್ವರೂಪವನ್ನು ಅವಲಂಬಿಸಿದೆ. ಖಾಸಗಿ ಪ್ಲಾಜಾ ಕೈಯಿಂದ ಕೈಗೆ ಮಾರಾಟವಾಗಿ ಕ್ಷೀಣಿಸಿತು. ಸಾರ್ವಜನಿಕ ಒಡೆತನದ ಅರಣ್ಯವೂ ವಿಶ್ವವಿದ್ಯಾನಿಲಯದ ಶಿಲ್ಪೋದ್ಯಾನವೂ ಉಳಿದವು.

2. ಒಂದೇ ಆದಾಯ ಮೂಲವನ್ನು ನೆಚ್ಚಿದ ಊರು ಆ ಮೂಲ ಬತ್ತಿದಾಗ ಎಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳುವ ಅಪಾಯವಿದೆ. ಉದ್ಯಾನದ ನಿರ್ವಹಣೆಗೆ ಪ್ರತ್ಯೇಕ ಹಾಗೂ ಶಾಶ್ವತ ನಿಧಿಯ ವ್ಯವಸ್ಥೆ ಯೋಜನೆಯ ಹಂತದಲ್ಲಿಯೇ ಆಗಬೇಕು.

3. ಜನರ ವಯೋಮಾನ ಬದಲಾಗುತ್ತದೆ. ಚಿಕ್ಕ ಮಕ್ಕಳಿಗಾಗಿ ಬಿಟ್ಟ ಅಂಗಳವನ್ನು ಮೂವತ್ತು ವರ್ಷಗಳ ನಂತರ ಬೇರೆ ಬಳಕೆಗೆ ಹೊಂದಿಸಬಹುದು. ಒಂದೇ ಉದ್ದೇಶದ ದುಬಾರಿ ಕಟ್ಟಡವನ್ನು ಹಾಗೆ ಹೊಂದಿಸುವುದು ಕಷ್ಟ. ತೆರೆದ ಜಾಗವೇ ಅತ್ಯಂತ ಅಗ್ಗದ, ಅತ್ಯಂತ ಹೊಂದಾಣಿಕೆಯ ಸೌಲಭ್ಯ.

4. ಸಾಂಸ್ಕೃತಿಕ ಸಂಸ್ಥೆಗಳನ್ನು ನಿರ್ಮಾಪಕನು ಕಟ್ಟಿಕೊಡಲಾರನು. ಆತ ಸ್ಥಳ ಕೊಡಬಲ್ಲ, ಸಭಾಂಗಣ ಕೊಡಬಲ್ಲ. ಕಲಾಮೇಳ ಬೆಳೆದದ್ದೂ ಕಾಡು ಉಳಿದದ್ದೂ ನಿವಾಸಿಗಳ ಸಂಘಟನೆಯಿಂದ. ಅಂತಹ ಸಂಘಟನೆಗೆ ಅಧಿಕಾರವನ್ನೂ ಹೊಣೆಯನ್ನೂ ಆರಂಭದಲ್ಲಿಯೇ ವಹಿಸಿಕೊಡುವುದು ದೂರದೃಷ್ಟಿಯ ಲಕ್ಷಣ.

ನಮ್ಮ ರಾಜ್ಯದಲ್ಲಿಯೂ ಖಾಸಗಿ ಬಡಾವಣೆಗಳ ಅನುಮೋದನೆಗೆ ಉದ್ಯಾನ ಮತ್ತು ನಾಗರಿಕ ಸೌಕರ್ಯಗಳಿಗೆ ಜಾಗ ಬಿಡುವುದು ಕಡ್ಡಾಯ. ನಕ್ಷೆಯ ಮೇಲೆ ಹಸಿರು ಬಣ್ಣ ಹಚ್ಚಿದ ಮಾತ್ರಕ್ಕೆ ಆ ಜಾಗ ಉದ್ಯಾನವಾಗುವುದಿಲ್ಲ. ಅದಕ್ಕೆ ಒಡೆಯರಾರು, ಪಾಲಕರಾರು, ವರ್ಷವರ್ಷದ ಖರ್ಚು ಎಲ್ಲಿಂದ ಎಂಬ ಮೂರು ಪ್ರಶ್ನೆಗಳಿಗೆ ಕ್ರಯಪತ್ರವಾಗುವ ಮೊದಲೇ ಲಿಖಿತ ಉತ್ತರ ಸಿದ್ಧವಿದ್ದಲ್ಲಿ ಕೊಳ್ಳುವವನಿಗೂ ಭರವಸೆ, ಮಾರುವವನ ಹೆಸರಿಗೂ ಶೋಭೆ. ಪಾರ್ಕ್ ಫಾರೆಸ್ಟಿನಲ್ಲಿ ಗಡಿಯಾರ ಗೋಪುರದ ಸುತ್ತಲಿನ ದೊಡ್ಡ ಮಳಿಗೆಗಳು ಹೋದವು. ಊರಿನ ಅಂಚಿನ ಕಾಡಿಗೆ ಈಗಲೂ ಜನರು ವಿಹಾರಕ್ಕೆ ಹೋಗುತ್ತಾರೆ.